ಅಜ್ಜನ ಕಾಲದ .315 ರೈಫಲ್‌ನ ಮರ: ಉಜ್ಜುವ ಮೊದಲು ಎಣ್ಣೆ ತೆಗೆಯಿರಿ

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು .315 ರೈಫಲ್ ಇದೆ. ದಾಖಲೆಗಳೆಲ್ಲ ಸರಿಯಾಗಿವೆ. ಆದರೆ ಮರ ಕಪ್ಪಗೆ ಜಿಡ್ಡುಗಟ್ಟಿದೆ, ಮಳೆಗಾಲದಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಹಿಂದಿನ ಮರ ಕಬ್ಬಿಣಕ್ಕೆ ಕೂರುವ ಜಾಗದಲ್ಲಿ ಸುಮಾರು ಎರಡು ಇಂಚು ಉದ್ದದ ಬಿರುಕು ಬಿಟ್ಟಿದೆ. ಅಲ್ಲಲ್ಲಿ ತಗ್ಗು, ಗೀರುಗಳೂ ಇವೆ. ಊರಿನ ಆಚಾರಿ ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ ಮೆಲಮೈನ್ ಪಾಲಿಶ್ ಹೊಡೆದರೆ ಹೊಸದರಂತೆ ಆಗುತ್ತದೆ ಎನ್ನುತ್ತಾರೆ. ಮುಂದಿನ ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆ ಹಬ್ಬ) ಒಳಗೆ ಮುಗಿಸಬೇಕೆಂದಿದ್ದೇವೆ. ಹೇಗೆ ಮಾಡುವುದು?
(ಸೋಮವಾರಪೇಟೆ ಕಡೆಯ ಓದುಗರೊಬ್ಬರು)

ಉತ್ತರ: ಆಚಾರಿಯವರು ಹೇಳಿದ್ದು ಬಾಗಿಲು, ಮಂಚಗಳಿಗೆ ಸರಿ. ಕೋವಿಗೆ ದಯವಿಟ್ಟು ಅದನ್ನು ಮಾಡಿಸಬೇಡಿ. ಇದಕ್ಕೆ ಎರಡು ಕಾರಣಗಳಿವೆ. ಒಂದು, ಕೋವಿಯಲ್ಲಿ ಮರವೂ ಕಬ್ಬಿಣವೂ ಸೇರುವ ಕಡೆ ಮರದ ಮೈ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರದಲ್ಲಿರುತ್ತದೆ. ಉಪ್ಪುಕಾಗದ ಹಾಕಿದರೆ ಆ ಎತ್ತರ ಹೋಗಿ ಕಬ್ಬಿಣದ ಅಂಚು ಹೊರಗೆ ಚಾಚಿಕೊಳ್ಳುತ್ತದೆ. ಹೋದ ಮರವನ್ನು ಮತ್ತೆ ತರುವ ಉಪಾಯ ಯಾವುದೂ ಇಲ್ಲ. ಎರಡು, ಮರ ಕಪ್ಪಾಗಿರುವುದು ಮೇಲಿನ ಕೊಳೆಯಿಂದ ಮಾತ್ರವಲ್ಲ. ಹತ್ತಾರು ವರ್ಷ ಕಬ್ಬಿಣಕ್ಕೆ ಹಾಕಿದ ಬಂದೂಕಿನ ಎಣ್ಣೆ ನಿಧಾನವಾಗಿ ಇಳಿದು ಮರದ ಎಳೆಯೊಳಗೆ ಕೂತಿದೆ. ಅದು ಖನಿಜ ಎಣ್ಣೆ, ಎಂದಿಗೂ ಒಣಗುವುದಿಲ್ಲ. ಅದರ ಮೇಲೆ ಮೆಲಮೈನ್ ಆಗಲಿ, ಪಿಯು (ಪಾಲಿಯುರೆಥೇನ್) ಪಾಲಿಶ್ ಆಗಲಿ ಹಿಡಿಯುವುದಿಲ್ಲ. ಒಂದೆರಡು ಮಳೆಗಾಲದಲ್ಲಿ ಸಿಪ್ಪೆಯಂತೆ ಏಳುತ್ತದೆ. ಬಿರುಕಿಗೂ ಬಹುಪಾಲು ಇದೇ ಎಣ್ಣೆ ಕಾರಣ. ಎಣ್ಣೆ ಕುಡಿದ ಮರ ಮೆತ್ತಗಾಗುತ್ತದೆ, ಪ್ರತಿ ಗುಂಡಿನ ಒದೆತವನ್ನು ತಡೆಯಲಾರದೆ ಎಳೆಯ ಉದ್ದಕ್ಕೆ ಸೀಳುತ್ತದೆ.

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಮೊದಲು ಎಣ್ಣೆ ತೆಗೆಯುವುದು, ಆಮೇಲೆ ತಗ್ಗು ಎಬ್ಬಿಸುವುದು, ನಂತರ ಬಿರುಕು ಅಂಟಿಸುವುದು, ಕೊನೆಗೆ ಅಗಸೆ ಎಣ್ಣೆ. ಉಪ್ಪುಕಾಗದಕ್ಕೆ ಇದರಲ್ಲಿ ತೀರ ಸಣ್ಣ ಪಾತ್ರ.

ಕಾಲದ ಮಾತು ಮೊದಲೇ ಹೇಳಿಬಿಡುತ್ತೇನೆ. ಕೈಲ್‌ಪೊಳ್ದ್ ಸೆಪ್ಟೆಂಬರ್ ಮೊದಲ ವಾರದಲ್ಲಿ. ಜುಲೈಯಲ್ಲಿ ಶುರು ಮಾಡಿದರೆ ಕೆಲಸ ಕೆಡುತ್ತದೆ. ಕೊಡಗಿನ ಮಳೆಯಲ್ಲಿ ಅಗಸೆ ಎಣ್ಣೆ ವಾರವಾದರೂ ಅಂಟಂಟಾಗಿಯೇ ಇರುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್ ನಡುವೆ ಮಾಡಿ. ಎಣ್ಣೆ ತೆಗೆಯಲು ಎರಡು ಮೂರು ವಾರ, ಬಿರುಕಿಗೆ ನಾಲ್ಕೈದು ದಿನ, ಹೊಸ ಎಣ್ಣೆ ಕೊಡಲು ಒಂದು ತಿಂಗಳು ಎಂದು ಲೆಕ್ಕ ಇಟ್ಟುಕೊಳ್ಳಿ.

ಬಿಚ್ಚುವ ಮುನ್ನ

ಮ್ಯಾಗಝಿನ್ ತೆಗೆಯಿರಿ, ಬೋಲ್ಟ್ (ತೋಟಾ ತುಂಬಲು ಹಿಂದೆ ಮುಂದೆ ಎಳೆಯುವ ಕಬ್ಬಿಣದ ಭಾಗ) ಹಿಂದಕ್ಕೆಳೆದು ನಳಿಗೆಯ ಹಿಂಬಾಯಿಯನ್ನು ಕಣ್ಣಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿ ಬೀಗದೊಳಗೆ ಇರಲಿ. ಬೋಲ್ಟ್ ಹೊರಬಂದ ಮೇಲೆ ಅದನ್ನು ಬೇರೆ ರೈಫಲ್‌ನ ಬೋಲ್ಟ್ ಜೊತೆ ಬೆರೆಸಬೇಡಿ. ಪ್ರತಿ ಬೋಲ್ಟನ್ನೂ ಅದರದೇ ನಳಿಗೆಗೆ ಅಳತೆ ನೋಡಿ ಕೂರಿಸಿರುತ್ತಾರೆ.

ಕಾನೂನಿನ ವಿಷಯವೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕಿನ ರಿಪೇರಿಗೂ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ, 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿದದ್ದು, ಕೋವಿ ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ಅದರಿಂದ ಊರಿನ ಆಚಾರಿ ಕೋವಿ ರಿಪೇರಿಗಾರ ಆಗುವುದಿಲ್ಲ. ಹಾಗಾಗಿ ಬಿಚ್ಚಿಸುವುದನ್ನೂ ಕೊನೆಗೆ ಜೋಡಿಸುವುದನ್ನೂ ಪರವಾನಗಿ ಇರುವ ಕೋವಿ ಅಂಗಡಿಯಲ್ಲೇ ಮಾಡಿಸಿ. ಕಬ್ಬಿಣದ ಭಾಗ ನಿಮ್ಮ ಬೀಗದಲ್ಲೋ ಅಂಗಡಿಯವರ ಬಳಿ ರಸೀದಿಯೊಂದಿಗೋ ಇರಲಿ. ಆಚಾರಿಯ ಕೈಗೆ ಹೋಗುವುದಿದ್ದರೆ ಮರ ಮಾತ್ರ ಹೋಗಲಿ.

ಅಂಗಡಿಯವರು ಬಿಚ್ಚುವಾಗ ಪಕ್ಕದಲ್ಲಿದ್ದು ನೋಡಿ. .315 ಎಂದರೆ 8×50ಆರ್ ಮಾನ್‌ಲಿಖರ್ ತೋಟಾ. ಸೈನ್ಯದ .303 ಸಾರ್ವಜನಿಕರಿಗೆ ನಿಷಿದ್ಧವಾಗಿದ್ದುದರಿಂದ ಈ ತೋಟಾ ಇಲ್ಲಿ ಬಳಕೆಗೆ ಬಂತು. ಬಂಗಾಳದ ಇಛಾಪುರ ಕಾರ್ಖಾನೆಯ .315 ಕೋವಿಯ ಒಡಲು ಮಾತ್ರ ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯದೇ. ಅದರ ಮರ ಎರಡು ತುಂಡು. ಹಿಂದಿನದು ಬಟ್, ಮುಂದಿನದು ಫೋರ್‌ಎಂಡ್. ಬಟ್ಟನ್ನು ಹಿಡಿದಿರುವುದು ಮರದೊಳಗೆ ಉದ್ದಕ್ಕೆ ಹೋಗಿರುವ ಒಂದೇ ದಪ್ಪ ತಿರುಪು ಬೋಲ್ಟ್, ಅದರ ತಲೆ ಹಿಂಬದಿಯ (ಹೆಗಲಿಗೆ ಆನುವ ತುದಿಯ) ತಗಡಿನ ಒಳಗಿದೆ. ಸೈನ್ಯದ ಮಾದರಿಯಲ್ಲಿ ಈ ಬೋಲ್ಟಿನ ಮುಂತುದಿ ಚೌಕಾಕಾರವಾಗಿದ್ದು ಫೋರ್‌ಎಂಡ್‌ನ ಹಿಂಬದಿಯ ಒಂದು ಸಣ್ಣ ಬಿಲ್ಲೆಯೊಳಗೆ ಸಿಕ್ಕಿಕೊಂಡಿರುತ್ತದೆ. ಫೋರ್‌ಎಂಡ್ ತೆಗೆಯದೆ ಬೋಲ್ಟ್ ತಿರುಗಿಸಿದರೆ ಆ ಚೌಕ ತಿರುಗಿ ಫೋರ್‌ಎಂಡ್‌ನ ಹಿಂಬದಿ ಸೀಳಿಹೋಗುತ್ತದೆ. ಹಳೆಯ ಫೋರ್‌ಎಂಡ್‌ಗಳಲ್ಲಿ ಕಾಣುವ ಎಷ್ಟೋ ಬಿರುಕುಗಳು ಹೀಗೆ ಆದವು. ನಿಮ್ಮದರಲ್ಲಿ ಆ ಬಿಲ್ಲೆ ಇರಲಿ, ಇಲ್ಲದಿರಲಿ, ಮೊದಲು ಫೋರ್‌ಎಂಡ್, ಆಮೇಲೆ ಬಟ್ ಎಂಬ ಕ್ರಮ ತಪ್ಪಿಸಬೇಡಿ.

ಟ್ರಿಗರ್ ಗಾರ್ಡಿನ ಮುಂದಿನ ಸ್ಕ್ರೂ ಬಿಚ್ಚುವಾಗ ಮರದ ತೂತಿನೊಳಗೆ ಕೊಳವೆಯಂಥ ಒಂದು ಸಣ್ಣ ಬುಷ್ ಇದೆಯೇ ನೋಡಿ. ಸ್ಕ್ರೂ ಎಷ್ಟು ಬಿಗಿದರೂ ಮರ ಜಜ್ಜಿಹೋಗದಂತೆ ತಡೆಯುವುದು ಅದೇ. ಮರ ತಲೆಕೆಳಗಾದಾಗ ಬಿದ್ದು ಕಳೆದುಹೋಗುವುದೂ ಅದೇ. ಹಿಂಬದಿ ತಗಡಿನ ಸ್ಕ್ರೂಗಳು ತುಕ್ಕು ಹಿಡಿದಿದ್ದರೆ, ಗೀರಿಗೆ ಸರಿಯಾಗಿ ಕೂರುವ ಅಗಲದ ಸ್ಕ್ರೂಡ್ರೈವರೇ ಬೇಕು. ಬೆಸುಗೆ ಹಾಕುವ ಸೋಲ್ಡರಿಂಗ್ ಕಬ್ಬಿಣವನ್ನು ಸ್ಕ್ರೂವಿನ ತಲೆಯ ಮೇಲೆ ಎರಡು ಮೂರು ನಿಮಿಷ ಇಟ್ಟು ಬಿಸಿ ಮಾಡಿದರೆ ಹೆಚ್ಚಿನವು ಸಡಿಲವಾಗುತ್ತವೆ. ಎಲ್ಲ ಕಡೆಯಿಂದ ಫೋಟೊ ತೆಗೆದುಕೊಳ್ಳಿ, ಪ್ರತಿ ಸ್ಕ್ರೂವನ್ನೂ ರಟ್ಟಿನ ಮೇಲೆ ಅದರ ಜಾಗ ಬರೆದು ಚುಚ್ಚಿಡಿ. ಮರದ ಮೇಲೆ ಒತ್ತಿರುವ ಸಂಖ್ಯೆ, ಮುದ್ರೆಗಳಿದ್ದರೆ ಅವನ್ನು ಈಗಲೇ ಗುರುತು ಹಾಕಿಕೊಳ್ಳಿ. ಆ ಜಾಗಕ್ಕೆ ಆವಿ, ಉಪ್ಪುಕಾಗದ, ಹೆರೆಯುವ ಬ್ಲೇಡು ಯಾವುದೂ ತಾಗಬಾರದು.

ಮೇಲಿನ ಪಾಲಿಶ್ ಯಾವುದು?

ಹಿಂಬದಿ ತಗಡು ಮುಚ್ಚಿದ್ದ ಜಾಗದ ಅಂಚಿನಲ್ಲಿ, ಯಾರಿಗೂ ಕಾಣದ ಕಡೆ, ಹತ್ತಿಯಿಂದ ಪರೀಕ್ಷೆ ಮಾಡಿ. ಮೊದಲು ಟರ್ಪಂಟೈನ್: ಮೇಣವಿದ್ದರೆ ಕರಗುತ್ತದೆ. ಆಮೇಲೆ ಪಾಲಿಶ್ ಸ್ಪಿರಿಟ್: ಅಂಟಂಟಾಗಿ ಕಂದು ಬಂದರೆ ಅರಗಿನ ಪಾಲಿಶ್. ಆಮೇಲೆ ಎನ್‌ಸಿ ಥಿನ್ನರ್: ಅದಕ್ಕೆ ಕರಗಿದರೆ ಲ್ಯಾಕರ್. ಯಾವುದಕ್ಕೂ ಬಗ್ಗದೆ ಗಾಜಿನಂತೆ ಹೊಳೆಯುತ್ತಿದ್ದರೆ ಯಾರೋ ಮೊದಲೇ ಮೆಲಮೈನ್ ಅಥವಾ ಪಿಯು ಹೊಡೆದಿದ್ದಾರೆ. ಅದಕ್ಕೆ ಜೆಲ್ ರೂಪದ ಪೇಂಟ್ ರಿಮೂವರ್ ಬೇಕು, ಕೈಗವಸು ಹಾಕಿ ಬಯಲಿನಲ್ಲಿ ಬಳಸಿ. ಹೊಳಪಿಲ್ಲದೆ, ಸ್ಪಿರಿಟ್‌ಗೂ ಕರಗದೆ, ಕೊಳೆ ಮಾತ್ರ ಬಂದರೆ ಅದು ಹಳೆಯ ಅಗಸೆ ಎಣ್ಣೆ. ನಿಮ್ಮ ವಿವರಣೆ ನೋಡಿದರೆ ಇದೇ ಇರಬೇಕು. ಎಲ್ಲಕ್ಕಿಂತ ಸುಲಭವಾದದ್ದೂ ಇದೇ.

ಮರ ಯಾವುದೆಂದೂ ನೋಡಿ. ಮೂಲ ಮರ ಸಾಮಾನ್ಯವಾಗಿ ಅಕ್ರೋಟ್: ಚಾಕೊಲೇಟ್ ಕಂದು, ಎಳೆಗಳಲ್ಲಿ ಸಣ್ಣ ತೆರೆದ ರಂಧ್ರಗಳು. ಮಲೆನಾಡಿನಲ್ಲಿ ಒಡೆದ ಬಟ್ಟಿಗೆ ಬದಲಾಗಿ ಬೀಟೆಯಲ್ಲೋ ತೇಗದಲ್ಲೋ ಹೊಸದು ಮಾಡಿಸಿರುವುದೂ ಉಂಟು. ಬೀಟೆ ಕೈಗೆ ಎತ್ತಿದರೇ ಗೊತ್ತಾಗುವಷ್ಟು ಭಾರ. ಅದರೊಳಗಿನ ಸಹಜ ರಸಗಳು ಅಗಸೆ ಎಣ್ಣೆಯನ್ನು ಒಣಗಲು ಬಿಡುವುದಿಲ್ಲ, ಆದ್ದರಿಂದ ಬೀಟೆಗೆ ಅರಗಿನ ಪಾಲಿಶ್ ಒಳ್ಳೆಯದು. ತೇಗಕ್ಕೆ ಅಂಟು ಹಾಕುವ ತುಸು ಮುಂಚೆ ಅಸಿಟೋನ್‌ನಲ್ಲಿ ಒರೆಸಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಮುಂದಿನದೆಲ್ಲ ಅಕ್ರೋಟ್ ಎಂದು ಎಣಿಸಿ ಬರೆದದ್ದು.

ಎಣ್ಣೆ ತೆಗೆಯುವುದು

ಇದೇ ಇಡೀ ಕೆಲಸದ ಬುಡ. ಆತುರ ಪಟ್ಟರೆ ಮುಂದಿನ ಯಾವುದೂ ನಿಲ್ಲುವುದಿಲ್ಲ.

ಮೊದಲು ಬೂಷ್ಟನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ನಂತರ ಮೇಲಿನ ಕೊಳೆಗೆ ಟರ್ಪಂಟೈನ್ ಮತ್ತು ನಯವಾದ ನೈಲಾನ್ ಪ್ಯಾಡ್, ಎಳೆಯ ಉದ್ದಕ್ಕೆ. ಸ್ಟೀಲ್ ವೂಲ್ ಬಳಸಿ ಎಂದು ಎಲ್ಲ ಕಡೆ ಹೇಳುತ್ತಾರೆ. ಒಣ ಹವೆಯ ಊರಿಗೆ ಅದು ನಡೆದೀತು, ಕೊಡಗಿಗೆ ಬೇಡ. ಮುರಿದ ಉಕ್ಕಿನ ಎಳೆಗಳು ಮರದ ರಂಧ್ರಗಳಲ್ಲಿ ಉಳಿದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಅಕ್ರೋಟಿನ ಒಗರಿನೊಂದಿಗೆ ಆ ತುಕ್ಕು ಸೇರಿ ಶಾಯಿಯಂಥ ಕಪ್ಪು ಚುಕ್ಕೆಗಳಾಗುತ್ತವೆ. ಹಿಡಿಯ ಮೇಲೆ ಚೌಕಳಿ ಗೆರೆ ಕೊರೆದಿದ್ದರೆ ಅಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಒಳಗಿನ ಎಣ್ಣೆಗೆ ಚಾಕ್ ಪುಡಿ ಮತ್ತು ಅಸಿಟೋನ್. ಬಣ್ಣದ ಅಂಗಡಿಯಲ್ಲಿ ಲಪ್ಪಕ್ಕೆ ಸಿಗುವ ವೈಟಿಂಗ್ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅರ್ಧ ಕಿಲೊ ತನ್ನಿ. ಇದರ ಬದಲು ಮನೆಯ ಸುಣ್ಣ ಹಾಕಬೇಡಿ. ಸುಣ್ಣದ ಕ್ಷಾರ ಅಕ್ರೋಟನ್ನು ಇನ್ನಷ್ಟು ಕಪ್ಪು ಮಾಡುತ್ತದೆ. ಕಾಸ್ಟಿಕ್ ಸೋಡಾ ಅದಕ್ಕಿಂತ ಕೆಟ್ಟದ್ದು: ಎಳೆಯನ್ನೇ ತಿನ್ನುತ್ತದೆ, ಮರದೊಳಗೆ ಉಳಿದದ್ದು ಮುಂದೆ ಹೊಸ ಪಾಲಿಶನ್ನೂ ಕೆಡಿಸುತ್ತದೆ, ತಾಗಿದ ಕಬ್ಬಿಣವನ್ನೂ ಕೆಡಿಸುತ್ತದೆ.

ಚಾಕ್ ಪುಡಿಗೆ ಅಸಿಟೋನ್ ಸ್ವಲ್ಪ ಸ್ವಲ್ಪ ಸೇರಿಸಿ ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. ಕಪ್ಪಾದ ಜಾಗಕ್ಕೆ 3ರಿಂದ 5 ಮಿಲಿಮೀಟರ್ ದಪ್ಪ ಮೆತ್ತಿ. ಬಟ್ಟಿನ ಮುಂತುದಿ ಮತ್ತು ಫೋರ್‌ಎಂಡ್‌ನಲ್ಲಿ ಕಬ್ಬಿಣ ಕೂರುವ ಗುಳಿಯ ಹಿಂಭಾಗ, ಈ ಎರಡು ಕಡೆ ಎಣ್ಣೆ ಹೆಚ್ಚು. ಅಲ್ಲಿ ಎಳೆಗಳ ಬಾಯಿ ತೆರೆದಿರುತ್ತದೆ. ಅಸಿಟೋನ್ ಒಳಗಿಳಿದು ಎಣ್ಣೆಯನ್ನು ತೆಳುವಾಗಿಸುತ್ತದೆ. ಅದು ಆರುವಾಗ ಎಣ್ಣೆ ಮೇಲೆ ಬಂದು ಪುಡಿಗೆ ಹೀರಿಕೊಳ್ಳುತ್ತದೆ. ಗಂಟೆಯೊಳಗೆ ಬಿಳಿ ಮೆತ್ತು ಹಳದಿಗೆ, ಕೆಲವು ಕಡೆ ಚಹದ ಬಣ್ಣಕ್ಕೆ ತಿರುಗುವುದನ್ನು ಕಣ್ಣಾರೆ ಕಾಣುತ್ತೀರಿ. ಪೂರ್ತಿ ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿ ಹೊಸ ಪುಡಿ ಮೆತ್ತಿ. ಒಮ್ಮೆ ಬಳಸಿದ ಪುಡಿ ಮತ್ತೆ ಬೇಡ. ನಾಲ್ಕರಿಂದ ಆರು ಸಲ ಬೇಕಾಗುತ್ತದೆ, ತೀರ ಕಪ್ಪಾದ ಮರಕ್ಕೆ ಹತ್ತು ಸಲವೂ ಆಗಬಹುದು.

ಅಸಿಟೋನ್ ಆವಿಗೆ ಸಣ್ಣ ಕಿಡಿಯೂ ಸಾಕು. ಒಲೆ, ದೇವರ ದೀಪ, ಊದುಬತ್ತಿ, ಸ್ವಿಚ್ಚು ಯಾವುದೂ ಹತ್ತಿರ ಇರದ ಬಯಲು ಜಗಲಿಯಲ್ಲಿ ಮಾಡಿ.

ಎರಡು ಮೆತ್ತುಗಳ ನಡುವೆ, ಅಸಿಟೋನ್ ವಾಸನೆ ಪೂರ್ತಿ ಹೋದ ಮೇಲೆ, ಬಿಸಿಲಿನ ಸಹಾಯ ಪಡೆಯಿರಿ. ಮರವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಸುತ್ತಿ, ಮಧ್ಯಾಹ್ನ ಎರಡು ಮೂರು ಗಂಟೆ ಬಿಸಿಲಿಗಿಡಿ. ಬಿಸಿಗೆ ಎಣ್ಣೆ ಬೆವರಿನಂತೆ ಹೊರಬಂದು ಕಾಗದಕ್ಕೆ ಹಿಡಿಯುತ್ತದೆ. ಮರದ ಮೈ 60 ಡಿಗ್ರಿ ದಾಟಬಾರದು. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಅದು ಹೆಚ್ಚಾಯಿತು. ಒಲೆಯ ಮೇಲಿನ ಅಟ್ಟ, ಓವನ್ ಬೇಡವೇ ಬೇಡ. ತುದಿಗಳು ಬೇಗ ಒಣಗಿ ಹೊಸ ಬಿರುಕು ಬಿಡುತ್ತವೆ.

ಎಲ್ಲಿಗೆ ನಿಲ್ಲಿಸಬೇಕು? ಬಿಸಿ ಮಾಡಿದಾಗ ಮೈ ಒದ್ದೆ ಹೊಳಪು ತೋರದಿದ್ದರೆ, ಅಸಿಟೋನ್ ಹತ್ತಿ ಕಂದಾಗದೆ ತೆಳು ಹಳದಿ ಬಂದರೆ, ನೀರಿನ ಹನಿ ಗುಂಡಗೆ ನಿಲ್ಲದೆ ಹೀರಿಕೊಂಡರೆ ಸಾಕು. ಕೊನೆಯ ಹನಿ ಎಣ್ಣೆಯವರೆಗೆ ಹೋಗುವ ಅಗತ್ಯವಿಲ್ಲ. ತುಸು ಗಾಢವಾಗಿ ಉಳಿಯುವ ಬಣ್ಣ ವಯಸ್ಸಿನದು, ಅದು ಇರಲಿ.

ಈ ಹಂತದಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳೂ ಹಿಟ್ಟಿನಂಥ ಪುಡಿಯೂ ಕಂಡರೆ ಕುಟ್ಟೆ ಹಿಡಿದಿದೆ. ಚೇಗಿನ ಹೊರಗಿನ ಬಿಳಿ ಮರದಲ್ಲೇ ಇದು ಹೆಚ್ಚು. ಮರವನ್ನು ಗಾಳಿಯಾಡದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಡೀಪ್ ಫ್ರೀಝರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಪ್ಲಾಸ್ಟಿಕ್ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆ ಮರದ ಮೇಲೆ ನೀರು ಕೂರುತ್ತದೆ.

ತಗ್ಗು, ಗೀರು

ತಗ್ಗಿನಲ್ಲಿ ಎಳೆ ಜಜ್ಜಿರುತ್ತದೆ, ಕಡಿದಿರುವುದಿಲ್ಲ. ಆವಿ ಕೊಟ್ಟರೆ ಏಳುತ್ತದೆ. ಗೀರಿನಲ್ಲಿ ಎಳೆ ಕಡಿದಿರುತ್ತದೆ, ಅದು ಏಳುವುದಿಲ್ಲ. ತಗ್ಗಿನ ಮೇಲೆ ಒದ್ದೆ ಹತ್ತಿಬಟ್ಟೆಯ ನಾಲ್ಕು ಮಡಿಕೆ ಇಟ್ಟು, ಬಿಸಿ ಇಸ್ತ್ರಿ ಪೆಟ್ಟಿಗೆಯ ಮೂತಿಯನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ. ಬಟ್ಟೆ ಒಣಗುವ ಮುನ್ನ ಎತ್ತಿ, ಮತ್ತೆ ಒದ್ದೆ ಮಾಡಿ. ಐದಾರು ಸಲಕ್ಕೆ ತಗ್ಗು ಮೇಲೇಳದಿದ್ದರೆ ಅಲ್ಲಿಗೆ ಬಿಡಿ. ಮುದ್ರೆ ಒತ್ತಿದ ಜಾಗಕ್ಕೆ ಆವಿ ತೋರಿಸಬೇಡಿ ಎಂದದ್ದು ಇದಕ್ಕೇ. ಮುದ್ರೆಯೂ ಜಜ್ಜಿದ ಎಳೆಯೇ ಆದ್ದರಿಂದ ಅದೂ ಎದ್ದು ಅಳಿಸಿಹೋಗುತ್ತದೆ.

ಒಂದು ದಿನ ಒಣಗಲು ಬಿಡಿ. ಗೀರುಗಳನ್ನು ಹಾಗೇ ಬಿಡುವುದು ನನ್ನ ಸಲಹೆ. ಅಜ್ಜನ ಹೆಗಲ ಮೇಲೆ ಕಾಡು ಸುತ್ತಿದ ಕೋವಿಗೆ ಅವು ಸಹಜ. ಎಂ-ಸೀಲ್, ಮರದ ಪುಡಿ ಬೆರೆಸಿದ ಫೆವಿಕಾಲ್ ತುಂಬಿದರೆ ಎಣ್ಣೆ ಕೊಟ್ಟ ಮೇಲೆ ಅಷ್ಟೂ ತೇಪೆಗಳು ಬಿಳಿಚಿಕೊಂಡು ಎದ್ದು ಕಾಣುತ್ತವೆ.

ಬಿರುಕು

ಬಿರುಕಿಗೆ ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟು ಬೇಡ, ಸೂಪರ್ ಗ್ಲೂ ಬೇಡ, ಫೆವಿಕಾಲೂ ಬೇಡ. ಮೊದಲ ಎರಡು ಒದೆತಕ್ಕೆ ಸಿಡಿಯುತ್ತವೆ. ಮೂರನೆಯದು ಎಣ್ಣೆ ಉಳಿದ ಮರಕ್ಕೆ ಹಿಡಿಯುವುದಿಲ್ಲ, ಒತ್ತಡದಲ್ಲಿ ನಿಧಾನವಾಗಿ ಜಾರುತ್ತದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ಅರಾಲ್ಡೈಟ್ ಸ್ಟ್ಯಾಂಡರ್ಡ್‌ನಂಥದು, ಪೊಟ್ಟಣದ ಮೇಲಿನ ಪ್ರಮಾಣದಲ್ಲೇ ಕಲಸಬೇಕು. ಗಟ್ಟಿಗೊಳಿಸುವ ಭಾಗ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ರಬ್ಬರಿನಂತೆ ಉಳಿಯುತ್ತದೆ.

ಬಿರುಕಿನೊಳಗೆ ಸಿರಿಂಜಿನಲ್ಲಿ ಅಸಿಟೋನ್ ಬಿಟ್ಟು, ಕೆಳಗಿಂದ ಬರುವ ಹನಿ ತಿಳಿಯಾಗುವವರೆಗೆ ತೊಳೆಯಿರಿ. ಒಂದು ರಾತ್ರಿ ಒಣಗಲಿ. ತೆಳ್ಳಗಿನ ಬಿದಿರಿನ ಚಕ್ಕೆಯಿಂದ ಬಿರುಕನ್ನು ಅರ್ಧ ಮಿಲಿಮೀಟರಿನಷ್ಟು ಅಗಲಿಸಿ. ಹೆಚ್ಚು ಅಗಲಿಸಿದರೆ ಮುಂದಕ್ಕೆ ಸೀಳುತ್ತದೆ. ಬಿರುಕಿನ ಸುತ್ತಲಿನ ಮೈಗೆ ಟೇಪ್ ಅಂಟಿಸಿ. ಕಲಸಿದ ಎಪಾಕ್ಸಿಯನ್ನು ಕೂದಲು ಒಣಗಿಸುವ ಡ್ರೈಯರ್‌ನಿಂದ ತುಸು ಬಿಸಿ ಮಾಡಿದರೆ ಅದು ತುಪ್ಪದಂತೆ ತೆಳುವಾಗಿ ಒಳಗಿಳಿಯುತ್ತದೆ. ಹಲ್ಲು ಶುಚಿ ಮಾಡುವ ದಾರವನ್ನು ಬಿರುಕಿನಲ್ಲಿ ಹಿಂದೆ ಮುಂದೆ ಎಳೆದು ತುದಿಯವರೆಗೆ ತಲುಪಿಸಿ. ಇನ್ನೊಂದು ಬದಿಯಿಂದ ಅಂಟು ಹೊರಬರುವುದು ಕಾಣಬೇಕು. ಆಮೇಲೆ ಚಕ್ಕೆ ತೆಗೆದು, ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದೆಳೆದು ಸುತ್ತಿ. ದುಂಡಗಿನ ಮರವನ್ನು ಎಲ್ಲ ಕಡೆಯಿಂದ ಸಮನಾಗಿ ಒತ್ತಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. 24 ಗಂಟೆ ಮುಟ್ಟಬೇಡಿ.

ಎರಡು ಇಂಚಿನ ಬಿರುಕಿಗೆ ಅಂಟು ಮಾತ್ರ ಸಾಲದು. ಸ್ಕ್ರೂವಿನಂತೆ ಸುತ್ತುಗೆರೆ ಇರುವ 3 ಮಿಲಿಮೀಟರ್ ಹಿತ್ತಾಳೆಯ ಕಡ್ಡಿಯನ್ನು, ಬಿರುಕಿಗೆ ಅಡ್ಡವಾಗಿ, ಒಳಬದಿಯಿಂದ ಎಪಾಕ್ಸಿಯಲ್ಲಿ ಕೂರಿಸಬೇಕು. ತೂತು 3.5 ಮಿಲಿಮೀಟರ್ ಇರಲಿ, ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿ, ಇಲ್ಲವಾದರೆ ಹೊರಮೈಯಲ್ಲಿ ತೂತು ಬೀಳುತ್ತದೆ. ಬಟ್ಟಿನ ಮುಂತುದಿಯ ಗೋಡೆ ತೆಳು. ಕೈ ಪಳಗದವರು ಇದನ್ನು ರಿಪೇರಿಗಾರರಿಗೇ ಬಿಡುವುದು ಮೇಲು.

ಬಿರುಕು ಅಂಟಿಸಿದ ಮೇಲೆ ಅದು ಯಾಕೆ ಬಂತೆಂದು ನೋಡದಿದ್ದರೆ ಮತ್ತೆ ಬರುತ್ತದೆ. ಗುಂಡು ಹಾರಿದಾಗ ಕಬ್ಬಿಣ ಹಿಂದಕ್ಕೆ ತಳ್ಳುತ್ತದೆ. ಆ ತಳ್ಳು ಎಡಬಲದ ಎರಡು ಆನಿಕೆಗಳ (ಕಬ್ಬಿಣ ಮರಕ್ಕೆ ಒತ್ತಿ ನಿಲ್ಲುವ ಜಾಗಗಳ) ಮೇಲೆ ಸಮನಾಗಿ ಬೀಳಬೇಕು. ಒಂದು ಕಡೆ ಮಾತ್ರ ತಾಗಿದರೆ ಆ ಬದಿ ಒಡೆಯುತ್ತದೆ. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ರಿಪೇರಿಗಾರರು ಬಳಸುವುದು ದೀಪದ ಮಸಿ. ಎಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ತೆಗೆದ ಮಸಿಗೆ ಒಂದು ಹನಿ ಎಣ್ಣೆ ಬೆರೆಸಿ, ಕಬ್ಬಿಣದ ಆನಿಕೆಗೆ ತೀರ ತೆಳ್ಳಗೆ ಸವರಿ, ಮರಕ್ಕೆ ಕೂರಿಸಿ ಬಿಚ್ಚುತ್ತಾರೆ. ಮರದ ಮೇಲೆ ಕಪ್ಪು ಬಿದ್ದಲ್ಲಿ ತಾಗುತ್ತಿದೆ, ಬೀಳದಲ್ಲಿ ಇಲ್ಲ. ಎತ್ತರವಿದ್ದ ಕಡೆ ಹೆರೆದು, ಜಜ್ಜಿಹೋದ ಕಡೆ ಅದೇ ಜಾತಿಯ ಮರದ ತುಂಡನ್ನು ಎಳೆಯ ದಿಕ್ಕು ಹೊಂದಿಸಿ ಕೂರಿಸಿ, ಎರಡೂ ಬದಿ ಸಮನಾಗಿ ಮಸಿ ಬೀಳುವವರೆಗೆ ಮಾಡುತ್ತಾರೆ. ಫೋರ್‌ಎಂಡ್‌ನ ಹಿಂದಿನ ಅಂಚಿಗೂ ಕಬ್ಬಿಣಕ್ಕೂ ನಡುವೆ ವಿಸಿಟಿಂಗ್ ಕಾರ್ಡ್ ಹೋಗುವಷ್ಟು ಸಂದು ಇರಬೇಕು. ಸಂದಿಲ್ಲದಿದ್ದರೆ ಒದೆತ ನೇರವಾಗಿ ಆ ತೆಳು ಅಂಚಿಗೆ ಬಿದ್ದು ಸೀಳುತ್ತದೆ. ಇದನ್ನು ಮಾಡಿಕೊಡಿ ಎಂದು ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಹೆಚ್ಚಿನವರು ಮಾಡುವುದಿಲ್ಲ.

ಅಗಸೆ ಎಣ್ಣೆ

ಮೊದಲು ಮರದ ಮೈಯನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿ. ಎದ್ದ ನವಿರು ನಾರುಗಳನ್ನು 400 ನಂಬರಿನ ಉಪ್ಪುಕಾಗದದಿಂದ, ಸಣ್ಣ ಮರದ ತುಂಡಿಗೆ ಸುತ್ತಿ, ಹಗುರವಾಗಿ ಸವರಿ ತೆಗೆಯಿರಿ. ಎರಡು ಸಲ ಸಾಕು. ಕಬ್ಬಿಣ ಸೇರುವ ಅಂಚುಗಳಿಂದ ಒಂದು ಸೆಂಟಿಮೀಟರ್ ದೂರ ಇರಿ. ಉಪ್ಪುಕಾಗದದ ಕೆಲಸ ಇಲ್ಲಿಗೆ ಮುಗಿಯಿತು.

ಹಸಿ ಅಗಸೆ ಎಣ್ಣೆ ಸೈನ್ಯದ ಹಳೆಯ ಪದ್ಧತಿ. ಆದರೆ ಅದು ಒಣಗಲು ವಾರಗಟ್ಟಲೆ ಬೇಕು, ತೇವದಲ್ಲಿ ಬೂಷ್ಟಿಗೆ ಒಳ್ಳೆಯ ಆಹಾರ. ಬಣ್ಣದ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಎಂದು ಸಿಗುವ, ಒಣಗಿಸುವ ಲವಣ ಬೆರೆಸಿದ ಅಗಸೆ ಎಣ್ಣೆ ನಿಮಗೆ ಸರಿ. 200 ಮಿಲಿಲೀಟರ್ ಮಿಕ್ಕಿ ಉಳಿಯುತ್ತದೆ. ಹಳೆಯ ಕೋವಿಗಳ ಕೆಂಪು ಛಾಯೆ ಬೇಕಿದ್ದರೆ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ರತನ್‌ಜೋತ್ ಬೇರು 10 ಗ್ರಾಂ ಆ ಎಣ್ಣೆಯಲ್ಲಿ ಎರಡು ವಾರ ನೆನೆಹಾಕಿ ಸೋಸಿ. ಇಂಗ್ಲೆಂಡಿನ ಕೋವಿ ತಯಾರಕರು ಅಕ್ರೋಟಿಗೆ ಕೆಂಪು ಕೊಡುತ್ತಿದ್ದುದು ಇದೇ ಬಗೆಯ ಬೇರಿನಿಂದ. ಮೊದಲ ಎರಡು ಸಲಕ್ಕೆ ಮಾತ್ರ ಕೆಂಪು ಎಣ್ಣೆ, ಆಮೇಲೆ ಸಾದಾ.

ಮೊದಲ ಕೋಟಿಗೆ ಎಣ್ಣೆ ಮತ್ತು ಟರ್ಪಂಟೈನ್ ಸಮಸಮ. ಧಾರಾಳವಾಗಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಎರಡು ದಿನ ಬಿಡಿ. ಮುಂದಿನ ಕೋಟುಗಳಿಗೆ ಟರ್ಪಂಟೈನ್ ಬೇಡ, ಎಣ್ಣೆ ಮಾತ್ರ. ಇಡೀ ಬಟ್ಟಿಗೆ ಅರ್ಧ ಟೀ ಚಮಚ ಸಾಕು. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು, ಮರ ಬೆಚ್ಚಗಾಗುವವರೆಗೆ ತಿಕ್ಕಿ. ಅಂಗೈ ಜಾರುವುದು ನಿಂತು ತುಸು ಎಳೆದಂತೆ ಆದಾಗ ಎಣ್ಣೆ ಕೂತಿತು ಎಂದು ಅರ್ಥ. ಒರೆಸಿ, ಎರಡು ಮೂರು ದಿನ ಗಾಳಿಯಾಡುವ ಕಡೆ ತೂಗುಹಾಕಿ. ಹೀಗೆ ಆರರಿಂದ ಎಂಟು ಸಲ. ಮೂರನೆಯ ಸಲದ ನಂತರ ಮೈ ಸಪ್ಪೆಯಾಗಿ ಕಂಡರೆ ಗಾಬರಿ ಬೇಡ, ಹೊಳಪು ಐದನೆಯದರಿಂದ ಬರುತ್ತದೆ.

ಅಂಟಂಟಾದರೆ ಕೋಟು ದಪ್ಪವಾಯಿತು ಎಂದೇ. ಮೇಲೆ ತೊಗಲು ಕಟ್ಟಿ ಒಳಗೆ ಹಸಿ ಉಳಿದಿರುತ್ತದೆ. ಕಾದರೆ ಸರಿಹೋಗುವುದಿಲ್ಲ. ಟರ್ಪಂಟೈನ್ ಹಾಕಿ ನೈಲಾನ್ ಪ್ಯಾಡಿನಲ್ಲಿ ಆ ಪದರ ತೆಗೆದು ತೆಳ್ಳಗೆ ಮತ್ತೆ ಹಚ್ಚಿ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಲ್ಲಿ ಆ ಬಿಸಿ ಹೊರಹೋಗಲಾರದೆ ಕೆಲವೇ ಗಂಟೆಗಳಲ್ಲಿ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬೇಲಿಯ ಮೇಲೆ ಬಿಡಿಸಿ ಹರಡಿ, ಗಟ್ಟಿಯಾದ ಮೇಲೆ ಎಸೆಯಿರಿ. ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ.

ಹೊರಮೈಗೆ ಎಣ್ಣೆ, ಒಳಗಿನ ಗುಳಿಗೆ ಅರಗು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಅಲ್ಲೇ ಮತ್ತೆ ರೋಗ ಶುರುವಾಗುತ್ತದೆ. ಕಬ್ಬಿಣ ಕೂರುವ ಗುಳಿ, ಬೋಲ್ಟಿನ ತೂತು, ಹಿಂಬದಿ ತಗಡಿನ ಕೆಳಗಿನ ಮೈ, ಇವೆಲ್ಲ ಎಳೆಗಳ ತೆರೆದ ಬಾಯಿ. ತೇವವೂ ಬಂದೂಕಿನ ಎಣ್ಣೆಯೂ ಒಳಹೋಗುವುದು ಇಲ್ಲಿಂದಲೇ. ಅರಗಿನ ಚಕ್ಕೆ 12 ಗ್ರಾಂ, ಪಾಲಿಶ್ ಸ್ಪಿರಿಟ್ 100 ಮಿಲಿಲೀಟರ್, ಒಂದು ರಾತ್ರಿ ಕರಗಲು ಬಿಟ್ಟು ಸೋಸಿ, ಸಣ್ಣ ಬ್ರಷ್‌ನಲ್ಲಿ ಮೂರು ಕೋಟು, ನಡುವೆ ಎರಡೆರಡು ಗಂಟೆ. ಒಣಗಿದ ಅರಗನ್ನು ಖನಿಜ ಎಣ್ಣೆ ಕರಗಿಸಲಾರದು. ಹೊರಗೆ ಅರಗು ಬೇಡ. ಮಳೆ ತಾಗಿದರೆ ಬಿಳಿಚಿಕೊಳ್ಳುತ್ತದೆ.

ಕೊನೆಗೆ ಮೇಣ. ಜೇನುಮೇಣ, ಅಗಸೆ ಎಣ್ಣೆ, ಟರ್ಪಂಟೈನ್ ಸಮಪಾಲು, ಐವತ್ತೈವತ್ತು ಗ್ರಾಂ. ಮೇಣವನ್ನು ಎಣ್ಣೆಯೊಂದಿಗೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆ ಆರಿಸಿ ದೂರ ತಂದ ಮೇಲೆಯೇ ಟರ್ಪಂಟೈನ್ ಸೇರಿಸಿ. ಕಡಲೆಯಷ್ಟು ತೆಗೆದು ತಿಕ್ಕಿ, ಹತ್ತು ನಿಮಿಷ ಬಿಟ್ಟು ಮೃದು ಬಟ್ಟೆಯಲ್ಲಿ ಉಜ್ಜಿ. ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿ ಮತ್ತು ಮಳೆ ಮುಗಿದ ಮೇಲೆ, ಇಷ್ಟೇ ಸಾಕು.

ಜೋಡಿಸಿದ ಮೇಲೆ

ಜೋಡಿಸುವುದು ಬಿಚ್ಚಿದ್ದರ ತಿರುವುಮುರುವು: ಮೊದಲು ಬಟ್, ಅದರ ಬೋಲ್ಟ್ ಬಿಗಿದು ಚೌಕದ ತುದಿ ನೇರಕ್ಕೆ ಬಂದ ಮೇಲೆ ಫೋರ್‌ಎಂಡ್. ಬುಷ್ ಮರೆಯಬೇಡಿ.

ಗಾಳಿಯ ತೇವ ನೂರಕ್ಕೆ 50 ಇದ್ದಾಗ ಮರದೊಳಗಿನ ನೀರು ಅದರ ಒಣ ತೂಕದ ಸುಮಾರು 9% ಇರುತ್ತದೆ. 90 ಆದಾಗ 20%ರ ಆಸುಪಾಸಿಗೆ ಏರುತ್ತದೆ. ಮಾರ್ಚ್‌ನಲ್ಲಿ ಕುಗ್ಗಿದ ಮರ ಆಗಸ್ಟ್‌ನಲ್ಲಿ ಉಬ್ಬುತ್ತದೆ. ಬೇಸಿಗೆಯಲ್ಲಿ ಸ್ಕ್ರೂ ಸಡಿಲ ಕಂಡಿತೆಂದು ಬಲವಾಗಿ ಬಿಗಿದರೆ ಮಳೆಗಾಲದಲ್ಲಿ ಮರ ಉಬ್ಬಿ ಸ್ಕ್ರೂವಿನ ತಲೆಯ ಕೆಳಗೆ ಜಜ್ಜಿಹೋಗುತ್ತದೆ, ಮುಂದಿನ ಬೇಸಿಗೆಗೆ ಇನ್ನೂ ಸಡಿಲ. ಕೈಯಲ್ಲಿ ತಿರುಗಿಸಿ ನಿಂತ ಮೇಲೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಕಬ್ಬಿಣಕ್ಕೆ ಎಣ್ಣೆ ಹಾಕಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಮೊದಲ ಎರಡು ದಿನ ಕೋವಿಯನ್ನು ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿ, ಬಾಯಿಯ ಕೆಳಗೆ ಬಟ್ಟೆ ಇಡಿ. ಬಟ್ ಕೆಳಗಾಗಿ ನಿಲ್ಲಿಸುವುದರಿಂದಲೇ ಹೆಚ್ಚಿನ ಎಣ್ಣೆ ಇಳಿದು ಬಟ್ಟಿನ ಕುತ್ತಿಗೆಯಲ್ಲಿ ಸೇರುತ್ತದೆ. ರೆಕ್ಸಿನ್ ಚೀಲ, ಸ್ಪಂಜಿನ ಪೆಟ್ಟಿಗೆಯಲ್ಲಿ ಮಳೆಗಾಲ ಕಳೆಯಬಾರದು. ತೇವ ಒಳಗೆ ಸಿಕ್ಕಿಕೊಳ್ಳುತ್ತದೆ. ಬೀಗದ ಬೀರುವಿನಲ್ಲಿ, ಗೋಡೆಗೆ ತಾಗದಂತೆ, ಕಾಲು ಕಿಲೊ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಿ.

ಕೈಲ್‌ಪೊಳ್ದ್ ದಿನ ಕೋವಿಗೆ ಗಂಧ ಇಡುತ್ತೀರಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸುತ್ತೀರಿ. ಗಂಧದ ಬೊಟ್ಟನ್ನು ಸಾಧ್ಯವಾದಷ್ಟು ಕಬ್ಬಿಣದ ಮೇಲಲ್ಲ, ಮೇಣ ಹಚ್ಚಿದ ಮರದ ಮೇಲಿಡಿ. ನೀರಿನಲ್ಲಿ ತೇಯ್ದ ಗಂಧ ಕಬ್ಬಿಣದ ಮೇಲೆ ಒಂದು ರಾತ್ರಿ ಉಳಿದರೆ ಅದರ ಆಕಾರದಲ್ಲೇ ತುಕ್ಕು ಬರುತ್ತದೆ. ಹೂವನ್ನು ನಳಿಗೆಯ ಬಾಯಿಗೆ ಸಿಕ್ಕಿಸಿದ್ದರೆ ಅಂದೇ ಸಂಜೆ ತೆಗೆದು, ಒಳಗೆ ಒಣ ಬಟ್ಟೆ ಹಾಯಿಸಿ, ಆಮೇಲೆ ಎಣ್ಣೆ ಬಟ್ಟೆ ಹಾಯಿಸಿ. ಕುಂಕುಮ ಬಿದ್ದರೆ ಒದ್ದೆ ಬಟ್ಟೆಯಲ್ಲಿ ತಿಕ್ಕಬೇಡಿ, ಬಣ್ಣ ಎಳೆಯೊಳಗೆ ಇಳಿಯುತ್ತದೆ; ಮೊದಲು ಒಣ ಬ್ರಷ್‌ನಲ್ಲಿ ಉದುರಿಸಿ, ನಂತರ ಮೇಣದ ಬಟ್ಟೆಯಲ್ಲಿ ಒರೆಸಿ.